ಬ್ರೌಸರ್ ಬದಲಾದ ಚಳಿಗಾಲ, ಗುರುಬಾಯಿಯ ಹೊಲ

ಮೋಜಣಿ ಕೆಲಸಕ್ಕೆ ಹೊಸದಾಗಿ ಸೇರಿದವರೇ, ಮೊದಲೇ ಹೇಳಿಬಿಡುತ್ತೇನೆ. ನನಗೆ ಯಾವಾಗ ಬಡ್ತಿ ಬಂತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಹುಡುಕಬೇಡಿ. ಆ ಶಾಲನ್ನು ನನ್ನ ಹೆಂಡತಿ ಇಸ್ತ್ರಿ ಮಾಡುವಾಗ ಕೆಳಗೆ ಹಾಸಿಕೊಳ್ಳುತ್ತಾಳೆ. ನಾನು ಬರೆಯಲು ಕೂತಿರುವುದು ಸಿಟ್ಟಿನಿಂದ. ಬಿ.ಪಿ. ಇದೆ, ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಗುರುಬಾಯಿಯ ಹೊಲವನ್ನು ಒಂದು ಸಲ ನೋಡಿ ಬಂದು ಆಮೇಲೆ ಹೇಳಲಿ ಆ ಮಾತು.

ಚಿಂಚೋಳಿ, ಸೇಡಂ, ಚಿತ್ತಾಪುರದ ಸೀಮೆಯಲ್ಲಿ ನಾನು ತುಳಿಯದ ಬದು ಕಡಿಮೆ. ನಮ್ಮ ಕೆಲಸ ಹೇಳಲು ಸುಲಭ. ಹೊಲದ ಗಡಿ ಎಲ್ಲಿದೆ ಎಂದು ಗೊತ್ತಾಗದೆ ಜನ ಅರ್ಜಿ ಹಾಕುತ್ತಾರೆ. ನಾವು ಹಳೆಯ ನಕ್ಷೆ ಹಿಡಿದು ಹೋಗಿ, ಅಳೆದು, ಗಡಿಯ ಮೇಲೆ ಕಲ್ಲು ನೆಡಿಸಿ ಬರುತ್ತೇವೆ. ಅದಕ್ಕೆ ಹದ್ದುಬಸ್ತು ಎನ್ನುತ್ತಾರೆ. ನೆಟ್ಟ ಕಲ್ಲಿಗೆ ಬಾಂದುಕಲ್ಲು ಎನ್ನುತ್ತಾರೆ. ಆ ಕಲ್ಲು ಒಂದು ಗೇಣು ಅತ್ತಿತ್ತ ಆದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಕೊಟ್ಟ ಹೆಣ್ಣು ತವರಿಗೆ ಬರುವುದು ನಿಲ್ಲುತ್ತದೆ. ಇದು ಪುಸ್ತಕದಲ್ಲಿ ಬರೆದಿರುವುದಿಲ್ಲ, ತಿಳಿದುಕೊಂಡಿರಿ.

ನನ್ನ ಮೊದಲ ಮೇಲಧಿಕಾರಿ ಚಿಂಚೋಳಿಯಲ್ಲಿ ಸಿಕ್ಕ ರಾಚಪ್ಪನವರು. ಬಾಯಿ ತೆರೆದರೆ ಬೈಗುಳ. ಕಾಡಂಚಿನ ಹೊಲಗಳಲ್ಲಿ ಅಳತೆಯ ಕಬ್ಬಿಣದ ಸರಪಳಿ ಎಳೆದುಕೊಂಡು ಹೋಗುವಾಗ ನಾನು ಮುಳ್ಳುಕಂಟಿ ಕಂಡು ಪಕ್ಕಕ್ಕೆ ಸರಿದರೆ ಸಾಕು, ಹಿಂದಿನಿಂದ ದನಿ ಬರುತ್ತಿತ್ತು:

"ಏ ಖೋಡಿ, ಕಂಟಿ ಕಂಡ್ರ ಸುತ್ತು ಹಾಕ್ತಿಯೇನಲೇ? ಗಡಿ ನಿನ್ನಂಗ ಸುತ್ತು ಹಾಕ್ತದೇನು? ನಡಿ ನೆಟ್ಟಗ!"

ಅವರು ಒಂದೇ ಕಲ್ಲನ್ನು ನಂಬಿ ಎಂದೂ ಗೆರೆ ಎಳೆಯಲಿಲ್ಲ. ಇನ್ನೊಂದು ತುದಿಯ ಕಲ್ಲು ಸಿಗುವವರೆಗೆ ನಮ್ಮನ್ನು ಬುತ್ತಿ ಬಿಚ್ಚಲು ಬಿಡುತ್ತಿರಲಿಲ್ಲ. ಸಿಗದೇ ಹೋದರೆ ಆಚೆಯ ಹೊಲದಿಂದ, ಅದರಾಚೆಯ ಹೊಲದಿಂದ ಅಳೆದುಕೊಂಡು ಬರಬೇಕು. ಆಗ ನಾನು ಮನಸ್ಸಿನಲ್ಲೇ ಅವರಿಗೆ ಶಾಪ ಹಾಕಿದ್ದೇನೆ. ಈಗ ನೆನೆದರೆ ಕಣ್ಣು ತುಂಬುತ್ತದೆ.

ವಾಡಿಯಲ್ಲಿ ಸಿಕ್ಕ ಸಾಹೇಬರ ಹೆಸರು ಬೇಡ, ಪಾಪ, ಮೊಮ್ಮಕ್ಕಳಿದ್ದಾರೆ. ರೈಲು ದಾರಿಯ ಪಕ್ಕದ ಹೊಲ ಅಳೆಯುತ್ತಿದ್ದೆವು. ಹಳೆಯ ಹಳಿಗಳನ್ನು ಅಲ್ಲೇ ರಾಶಿ ಹಾಕಿದ್ದರು. ಸಾಹೇಬರು ಆ ರಾಶಿಯ ಮೇಲೆ ಆರಾಮಾಗಿ ಕೂತು ದಿಕ್ಸೂಚಿಯನ್ನು ತೊಡೆಯ ಮೇಲಿಟ್ಟುಕೊಂಡರು. ಅದರ ಮುಳ್ಳು ಉತ್ತರ ದಿಕ್ಕನ್ನು ಬಿಟ್ಟು ಕಬ್ಬಿಣದ ಕಡೆ ವಾಲಿತು. ಹೊಲದ ಯಜಮಾನ ಹಸನಸಾಬ್ ನೋಡುವಷ್ಟು ನೋಡಿ ಕೇಳಿದ:

"ಸಾಹೇಬ್ರ, ನಿಮ್ಮ ಮುಳ್ಳಿನ ಹಿಸಾಬಿಗೆ ಇವತ್ತ ಸೂರ್ಯ ನಮ್ಮ ಬಾವ್ಯಾಗ ಮುಳುಗ್ತಾನೇನ್ರಿ?"

ನಾವೆಲ್ಲ ನಕ್ಕೆವು. ಸಾಹೇಬರ ಮುಖ ಕೆಂಪಾಯಿತು. ಆದರೆ ಎದ್ದು ಅಷ್ಟು ದೂರ ಹೋಗಿ ನಿಂತು ಮತ್ತೆ ನೋಡಿದರು, ಬರೆದದ್ದನ್ನು ಹೊಡೆದು ಹಾಕಿದರು. ತಪ್ಪಾಗಿದೆ ಎಂದು ಗೊತ್ತಾದರೆ ಕುಂಡಿ ಎತ್ತಿ ಬೇರೆ ಕಡೆ ಹೋಗಿ ನಿಲ್ಲುವಷ್ಟು ಮರ್ಯಾದೆ ಆಗಿನ ಸಾಹೇಬರಿಗೆ ಇತ್ತು.

ಇನ್ನು ಫೋನಿನ ಕಾಲ. ನಾನು ಹಳಬ, ಹೊಸದನ್ನು ಬೈಯುವುದೇ ನನ್ನ ಕೆಲಸ ಎಂದುಕೊಳ್ಳಬೇಡಿ. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ನಮ್ಮ ಕಚೇರಿಗೆ ಒಂದು ವೆಬ್ ಪುಟ ಬಂತು. ಯಾವ ತಾಲೂಕಿನ ಕಚೇರಿ ಎಂದು ಹೇಳುವುದಿಲ್ಲ. ಫೋನಿನ ಬ್ರೌಸರ್‌ನಲ್ಲಿ ಅದನ್ನು ತೆರೆದು ಸರ್ವೆ ನಂಬರ್ ಹಾಕಿದರೆ ಹೊಲದ ನಕ್ಷೆ ಬರುತ್ತಿತ್ತು. ಸಿಕ್ಕ ಒಂದು ಬಾಂದುಕಲ್ಲಿನ ಮೇಲೆ ನಿಂತು ಫೋನನ್ನು ಅಂಗೈ ಮೇಲೆ ಮಲಗಿಸಿ ಹಿಡಿದರೆ, ಮುಂದಿನ ಕಲ್ಲು ಯಾವ ಕಡೆಗಿದೆ ಎಂದು ಒಂದು ಕೆಂಪು ಬಾಣ ತೋರಿಸುತ್ತಿತ್ತು. ಆ ದಿಕ್ಕಿಗೆ ಟೇಪು ಹಿಡಿದು ಹೋದರೆ ಆಯಿತು. ಸರಪಳಿಯಷ್ಟು ಕರಾರುವಾಕ್ಕಲ್ಲ, ಆದರೆ ಕಲ್ಲು ಹುಡುಕಲು ಭಾರೀ ಉಪಕಾರಿ. ನಾನೇ ಹೊಗಳಿದ್ದೇನೆ.

ಆ ಬಾಣ ಕೆಲಸ ಮಾಡುತ್ತಿದ್ದ ಬಗೆ ಹೀಗೆ. ಫೋನು ಎತ್ತ ಮುಖ ಮಾಡಿದೆ ಎಂದು ಪುಟವು ಬ್ರೌಸರನ್ನು ಕೇಳುತ್ತಿತ್ತು. ಬ್ರೌಸರ್ ಉತ್ತರ ದಿಕ್ಕಿನಿಂದ ಲೆಕ್ಕ ಹಿಡಿದು ಹೇಳುತ್ತಿತ್ತು. ಒಂದು ದಿನ ಕಚೇರಿಯ ಫೋನುಗಳೆಲ್ಲ ತಮ್ಮಷ್ಟಕ್ಕೆ ತಾವೇ ಅಪ್‌ಡೇಟ್ ಆದವು. ಅದಾದ ಮೇಲೆ ಬಾಣಕ್ಕೆ ಹುಚ್ಚು ಹಿಡಿಯಿತು.

ಮೊದಲು ಕಂಡುಹಿಡಿದವನು ಖಾಜಾ. ನನ್ನ ಕೈಕೆಳಗಿನ ಮೋಜಣಿದಾರ, ಮೂವತ್ತು ದಾಟಿರದ, ಕೆಲಸದಲ್ಲಿ ಚೊಕ್ಕ ಮನುಷ್ಯ. ನನ್ನನ್ನೂ ನಮ್ಮೆಲ್ಲರ ಮೇಲಿದ್ದ ದೊಡ್ಡ ಸಾಹೇಬರನ್ನೂ ಕಚೇರಿಯ ಅಂಗಳಕ್ಕೆ ಕರೆದುಕೊಂಡು ಹೋದ. ಹುಣಸೆ ಮರದ ಕಡೆ ಮುಖ ಮಾಡಿ ಪುಟ ತೆರೆದ.

"ನೋಡ್ರಿ ಸರ್, ಹುಣಸಿ ಮರದ ಕಡಿ ಉತ್ತರ ಅದ ಅಂತದ."

ಮುಚ್ಚಿದ. ರಸ್ತೆಯ ಕಡೆ ತಿರುಗಿ ಮತ್ತೆ ತೆರೆದ.

"ಈಗ ನೋಡ್ರಿ. ಚಾದ ಅಂಗಡಿ ಕಡಿ ಅದ ಅಂತದ. ಪುಟ ತಗಿಯೋ ಮುಂದ ನನ್ನ ಮಾರಿ ಎತ್ತ ಇರ್ತದ, ಅದೇ ಉತ್ತರ ಅಂತ ಹಿಡೀಲಿಕತ್ತದ."

ಪುಟ ಮಾಡಿದ ಕಂಪನಿಯವನಿಗೆ ಅಲ್ಲಿಂದಲೇ ಫೋನ್ ಹಚ್ಚಿದೆವು. ಅವನು ದೂರದ ಊರಿನವನು, ಮಾತು ಬಲು ನಯ. "ಸರ್, ಅದು ನಮ್ಮ ತಪ್ಪಲ್ಲ. ಬ್ರೌಸರ್‌ನವರೇ ಬದಲಾಯಿಸಿದ್ದಾರೆ. ಮೊದಲು ಸುಮ್ಮನೆ ದಿಕ್ಕು ಕೇಳಿದರೆ ಉತ್ತರದಿಂದ ಎಣಿಸಿ ಕೊಡುತ್ತಿದ್ದರು. ಈಗ ಪುಟ ತೆರೆದಾಗ ಫೋನ್ ಹೇಗಿತ್ತೋ ಅದನ್ನೇ ಸೊನ್ನೆ ಎಂದು ಹಿಡಿಯುತ್ತಾರೆ. ನಿಜವಾದ ಉತ್ತರ ದಿಕ್ಕು ಬೇಕಿದ್ದರೆ ಬೇರೆ ಹೆಸರಿನಲ್ಲಿ ಕೇಳಬೇಕು. ಅವರು ಮೊದಲೇ ಪ್ರಕಟಿಸಿದ್ದರು ಸರ್."

"ಹಂಗಾದ್ರ ಬ್ಯಾರೆ ಹೆಸರಿಲೆ ಕೇಳ್ರಲ್ಲ!" ಎಂದೆ.

"ಒಂದೇ ಸಾಲು ಬದಲಾಯಿಸಬೇಕು ಸರ್. ಆದರೆ ನಮ್ಮ ಕರಾರು ಮುಗಿದಿದೆ. ನಿಮ್ಮ ಸಾಹೇಬರು ಮೇಲಿನ ಕಚೇರಿಯಿಂದ ಒಂದು ಪತ್ರ ಕೊಡಿಸಿದರೆ ಸಂಜೆಯೊಳಗೆ ಮಾಡಿಕೊಡುತ್ತೇನೆ."

ಕೇಳಿಸಿಕೊಂಡಿರಾ? ಒಂದೇ ಸಾಲು! ಎಲ್ಲೋ ಕೂತವರು ಬ್ರೌಸರನ್ನು ಬದಲಾಯಿಸುತ್ತಾರೆ. ಅವರಿಗೆ ಅವರ ಕಾರಣ ಇರಬಹುದು, ಆಟ ಆಡುವವರಿಗೆ ಒಂದು ಬಗೆಯ ದಿಕ್ಕು ಬೇಕು, ದಾರಿ ಹುಡುಕುವವರಿಗೆ ಇನ್ನೊಂದು ಬಗೆಯದು ಬೇಕು, ಇರಲಿ. ಪ್ರಕಟಿಸಿದ್ದರಂತೆ. ಎಲ್ಲಿ ಪ್ರಕಟಿಸಿದ್ದರು, ನಮ್ಮ ಚಾವಡಿಯ ಗೋಡೆಗೆ ಅಂಟಿಸಿದ್ದರೋ? ಅದನ್ನು ಓದುವುದೇ ಕಸುಬಾಗಿರುವವನು ಕರಾರು ಮುಗಿಯಿತು ಎಂದು ಕೈ ತೊಳೆದುಕೊಂಡಿದ್ದ. ಹೊಲದಲ್ಲಿ ನಿಂತವನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ದೊಡ್ಡ ಸಾಹೇಬರು ಪತ್ರ ಬರೆಯಲಿಲ್ಲ. ಬರೆದರೆ ಪುಟ ಕೆಟ್ಟಿದೆ ಎಂದು ಒಪ್ಪಿದಂತಾಗುತ್ತದೆ, ಎಂದಿನಿಂದ ಕೆಟ್ಟಿದೆ ಎಂದು ಮೇಲಿನವರು ಕೇಳುತ್ತಾರೆ, ಯಾಕೆ ಬೇಕು ಉಸಾಬರಿ. ಅದರ ಬದಲು ಒಂದು ಸುತ್ತೋಲೆ ಹೊರಡಿಸಿದರು: ಎಲ್ಲ ಮೋಜಣಿದಾರರು ಉತ್ತರಕ್ಕೆ ಮುಖ ಮಾಡಿ ನಿಂತು ಪುಟ ತೆರೆಯತಕ್ಕದ್ದು.

ನಗಬೇಡಿ. ಉತ್ತರ ದಿಕ್ಕು ಯಾವುದು ಎಂದು ತಿಳಿಯಲೆಂದೇ ಪುಟ ತೆರೆಯುವವನಿಗೆ, ಮೊದಲು ಉತ್ತರಕ್ಕೆ ಮುಖ ಮಾಡು, ಆಮೇಲೆ ಪುಟ ತೆರೆ ಎಂದರೆ ಅದಕ್ಕೇನು ಹೇಳೋಣ? ಕೈಗೆ ಒಂದು ದಿಕ್ಸೂಚಿಯನ್ನಾದರೂ ಕೊಟ್ಟರೋ, ಅದೂ ಇಲ್ಲ. ನಾನು ಹೋಗಿ ಇದನ್ನೇ ಕೇಳಿದೆ. ಸಾಹೇಬರು ಕಡತದಿಂದ ತಲೆ ಎತ್ತಲಿಲ್ಲ.

"ಏನ್ರೀ ನಿಮ್ದು, ಹೊಲ ಅಳಿಯೋರಿಗೆ ಉತ್ತರ ಯಾವ ಕಡಿ ಅಂತ ಗೊತ್ತಿರೂದಿಲ್ಲೇನು? ಸಣ್ಣ ಹುಡುಗರಿಗೆ ಗೊತ್ತಿರ್ತದ."

ಸಣ್ಣ ಹುಡುಗರಿಗೆ ಗೊತ್ತಿರುವುದು ಏನು? ಹುಟ್ಟುವ ಸೂರ್ಯನಿಗೆ ಎದುರು ನಿಂತರೆ ಎಡಗೈ ಕಡೆ ಉತ್ತರ. ಮೋಜಣಿದಾರರು ಮಾಡಿದ್ದೂ ಅದನ್ನೇ. ನಮ್ಮ ಕಡೆ ಅಳತೆಗೆ ಮೊದಲು ಹೊಲದವರು ಬಾಂದುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಸೂರ್ಯನಿಗೆ ಕೈ ಮುಗಿಯುತ್ತಾರೆ. ಅದಿಲ್ಲದೆ ಟೇಪು ಮುಟ್ಟಲು ಬಿಡುವುದಿಲ್ಲ. ಬೆಳಿಗ್ಗೆ ಎಲ್ಲರೂ ಸೂರ್ಯನ ಕಡೆ ಮುಖ ಮಾಡಿ ನಿಂತಿರುತ್ತಾರೆ, ಮೋಜಣಿದಾರನೂ ನಿಂತಿರುತ್ತಾನೆ. ಕೈ ಮುಗಿದದ್ದಾದ ಮೇಲೆ ಅವನು ಎಡಕ್ಕೆ ತಿರುಗಿ ಪುಟ ತೆರೆಯುತ್ತಾನೆ. ಸುತ್ತೋಲೆಯ ಪ್ರಕಾರ ಎಲ್ಲ ಸರಿ.

ಆದರೆ ಅದು ಚಳಿಗಾಲ. ಚಳಿಗಾಲದಲ್ಲಿ ಸೂರ್ಯ ನೆಟ್ಟಗೆ ಪೂರ್ವದಲ್ಲಿ ಹುಟ್ಟುವುದಿಲ್ಲ, ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಹೊತ್ತು ಏರಿದಂತೆ ಇನ್ನೂ ಸರಿಯುತ್ತಾನೆ. ಅವನನ್ನು ನಂಬಿ ಎಡಕ್ಕೆ ತಿರುಗಿದರೆ ಸಿಗುವುದು ಉತ್ತರವಲ್ಲ, ಅದರಿಂದ ಪೂರ್ವಕ್ಕೆ ಜರುಗಿದ ಒಂದು ದಿಕ್ಕು. ಬಾಣ ಪೂರ್ತಿ ಅಡ್ಡಾದಿಡ್ಡಿ ತೋರಿಸಿದ್ದರೆ ಯಾರಾದರೂ ತಡೆಯುತ್ತಿದ್ದರು. ಇದು ಒಂದಿಷ್ಟೇ ಓರೆ. ಹೊಲದವರು ಜಗಳ ತೆಗೆದರೆ, ಗಡಿ ಅಳೆದಾಗ ಯಾರು ತಾನೇ ಜಗಳ ತೆಗೆಯುವುದಿಲ್ಲ ಎಂದು ಕಚೇರಿಯವರು ಸುಮ್ಮನಿರುತ್ತಿದ್ದರು.

ಆ ಚಳಿಗಾಲದಲ್ಲೇ ಗುರುಬಾಯಿ ಕಚೇರಿಗೆ ಬಂದದ್ದು. ಚಿತ್ತಾಪುರದಿಂದ ಸೇಡಂ ಕಡೆ ಹೋಗುವ ದಾರಿಯಲ್ಲಿ ಅವರ ಹಳ್ಳಿ. ಅರವತ್ತರ ಹೆಣ್ಣುಮಗಳು, ಗಟ್ಟಿ ಜೀವ, ತೊಗರಿ ಹೊಲವನ್ನು ತಾನೇ ನಿಂತು ಮಾಡಿಸುವವರು. ಹೊಲದ ಪಶ್ಚಿಮಕ್ಕೆ ಪರಸಿ ಕಲ್ಲಿನ ಖಣಿ, ಶಹಾಬಾದ ಕಲ್ಲು ಎಂದು ಊರೂರಿಗೆ ಹೋಗುತ್ತದಲ್ಲ, ಆ ಹಾಸುಗಲ್ಲು. ಹೊಲದ ವಾಯವ್ಯ ಮೂಲೆಯ ಬೇವಿನ ಮರದ ಕೆಳಗೆ ಅವರ ಗಂಡನ ಸಮಾಧಿ. ನಮ್ಮ ಲಿಂಗಾಯತ ರೈತರು ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಹೊಲ ಉಳುವಾಗ ಅವರು ಅಲ್ಲೇ ಇದ್ದಾರೆ ಎಂಬ ಧೈರ್ಯ.

ಕುರ್ಚಿ ತೋರಿಸಿದರೂ ಗುರುಬಾಯಿ ಕೂರಲಿಲ್ಲ.

"ನಿಮ್ಮ ಮಂದಿ ಬಂದು ಕಲ್ಲು ನೆಟ್ಟು ಹೋಗ್ಯಾರ್ರಿ. ಬ್ಯಾವಿನ ಗಿಡ, ಸಮಾಧಿ ಎಲ್ಲಾ ಖಣಿಯವರ ಪಾಲಿಗೆ ಹೋಗ್ಯದಂತ. ನಮ್ಮನಿಯವ್ರು ಬದುಕಿದ್ದಾಗ ಒಬ್ಬರ ಹೊಲದಾಗ ಕಾಲಿಟ್ಟವರಲ್ಲ. ಸತ್ತ ಮ್ಯಾಲ ಎದ್ದು ಬಾಜೂ ಹೊಲಕ್ಕ ಹೋಗಿ ಮಲಗ್ಯಾರೇನ್ರಿ?"

ಯಾರು ಅಳೆದದ್ದು ಎಂದು ನೋಡಿದರೆ ಖಾಜಾ. ಮರುದಿನವೇ ನಾನು, ಖಾಜಾ ಇಬ್ಬರೂ ಸರಪಳಿ ತೆಗೆದುಕೊಂಡು ಹೋದೆವು. ಖಣಿಯ ಕಡೆಯ ಗಡಿಯ ದಕ್ಷಿಣ ತುದಿಯಲ್ಲಿ ಹಳೆಯ ಕಲ್ಲು ಇತ್ತು, ಖಾಜಾ ಅದರ ಮೇಲೆ ನಿಂತೇ ಬಾಣ ನೋಡಿದ್ದ. ಉತ್ತರ ತುದಿಯದು ಖಣಿಯ ಟ್ರ್ಯಾಕ್ಟರು ಓಡಾಡಿ ಎದ್ದುಹೋಗಿತ್ತು. ರಾಚಪ್ಪನವರು ಹೇಳಿಕೊಟ್ಟಂತೆ ಆಚೆಯ ಹೊಲಗಳಿಂದ ಅಳೆದುಕೊಂಡು ಬಂದೆವು. ಗಡಿ ಸಮಾಧಿಗಿಂತ ಎಷ್ಟೋ ಪಶ್ಚಿಮಕ್ಕೆ ಹಾದು ಹೋಗುತ್ತಿತ್ತು. ಖಾಜಾ ನೆಟ್ಟ ಕಲ್ಲು ಗುರುಬಾಯಿಯ ತೊಗರಿಯ ನಡುವೆ ನಿಂತಿತ್ತು.

ಖಾಜಾ ಬದುವಿನ ಮೇಲೆ ಕುಸಿದು ಕೂತ. "ಸರ್, ಪೂಜಾ ಆದ ಮ್ಯಾಲ ಸೂರ್ಯನ ನೋಡಿ ಎಡಕ್ಕ ಹೊಳ್ಳಿ ಪುಟ ತಗದೀನ್ರಿ. ಉತ್ತರಕ್ಕ ಮಾರಿ ಮಾಡ್ರಿ ಅಂತ ಅವರೇ ಬರದಾರಲ್ರಿ!"

ಆಗ ನಮ್ಮಿಬ್ಬರಿಗೂ ಪೂರ್ತಿ ಹೊಳೆಯಿತು. ಇದೊಂದೇ ಹೊಲವಲ್ಲ, ಆ ಚಳಿಗಾಲದಲ್ಲಿ ಒಂದೇ ಕಲ್ಲಿನಿಂದ ಅಳೆದ ಎಲ್ಲ ಹೊಲಗಳೂ ಓರೆ. ಉಳಿದ ಕಡೆ ತೊಗರಿಯ ಸಾಲು ಅತ್ತಿತ್ತ ಆಗಿರಬಹುದು, ಮುಂದೆ ಸರಿಪಡಿಸಬಹುದು. ಇಲ್ಲಿ ಖಣಿಯ ಯಂತ್ರ ಕಣ್ಣಿಗೆ ಕಾಣುವಷ್ಟು ಹತ್ತಿರ ಇತ್ತು.

ನಾನು ಅಂದೇ ಬರೆದುಕೊಟ್ಟೆ: ಅಳತೆ ತಪ್ಪಾಗಿದೆ, ಕಲ್ಲು ಕೀಳಿಸಬೇಕು, ಮರು ಅಳತೆ ಆಗುವವರೆಗೆ ಖಣಿ ನಿಲ್ಲಿಸಲು ಸೂಚಿಸಬೇಕು. ದೊಡ್ಡ ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿದರು.

"ಇದೊಂದು ಹೊಲದ್ದು ಒಪ್ಪಿದ್ರ, ಈ ಸಲ ಅಳದಿದ್ದು ಎಲ್ಲಾ ಒಪ್ಪಬೇಕಾಗ್ತದ."

"ಒಪ್ರಿ ಮತ್ತ!"

"ಮ್ಯಾಲಿನವರು ಕೇಳಿದ್ರ ಏನಂತ ಹೇಳ್ಲಿ? ಸೂರ್ಯ ತಪ್ಪ್ಯಾನ ಅಂತ ಬರೀಲೇನು?"

"ನಿಮ್ಮ ಸುತ್ತೋಲೆ ತಪ್ಪ್ಯದ ಅಂತ ಬರೀರಿ," ಎಂದೆ.

ಆಮೇಲೆ ಏನಾಯಿತು ಬಲ್ಲಿರಾ? ಖಾಜಾನಿಗೆ ನೋಟಿಸು ಬಂತು, ನಿರ್ಲಕ್ಷ್ಯದಿಂದ ಅಳೆದಿದ್ದೀರಿ ಎಂದು. ಸುತ್ತೋಲೆ ಪಾಲಿಸಿದವನಿಗೆ ನೋಟಿಸು! ನನ್ನ ವರದಿಯ ಮೇಲೆ 'ಪರಿಶೀಲನೆಯಲ್ಲಿದೆ' ಎಂದು ಬರೆದು ಒಳಗಿಟ್ಟರು. ನಾನು ಜಿಲ್ಲಾ ಕಚೇರಿಗೆ ಹೋದೆ. ನಿಮ್ಮ ಮೇಲಧಿಕಾರಿಯ ಮೂಲಕ ಬನ್ನಿ ಎಂದರು. ಮೇಲಧಿಕಾರಿಯ ಮೇಲೆಯೇ ದೂರು ಸ್ವಾಮಿ, ಅವರ ಮೂಲಕ ಹೇಗೆ ಬರಲಿ ಎಂದೆ. ನಿಯಮ ಹಾಗಿದೆ ಎಂದರು.

ಖಣಿಗೂ ಹೋದೆ. ಅಲ್ಲಿನ ಮೇಸ್ತ್ರಿ ಚಹಾ ತರಿಸಿದ, ಮರ್ಯಾದೆಯಿಂದಲೇ ಮಾತಾಡಿದ.

"ಅಣ್ಣಾರ, ನಮ್ಮದೇನು ತಪ್ಪದ ಹೇಳ್ರಿ? ಸರಕಾರದವರೇ ಕಲ್ಲು ನೆಟ್ಟಾರ. ಕಲ್ಲಿನ ಈಚಿ ಕಡಿ ಕಡೀಲಿಕತ್ತೀವಿ. ನಿಂದ್ರಸ್ರಿ ಅಂತ ಒಂದು ಚೀಟಿ ತರ್ರಿ, ಈಗಿಂದೀಗ ಮಿಷನ್ ಬಂದ ಮಾಡಿಸ್ತೀನಿ."

"ಅಲ್ಲಿ ಸಮಾಧಿ ಅದಪಾ."

"ಗೊತ್ತದ್ರಿ. ಅದಕ್ಕೇ ಆ ಮೂಲಿ ಇನ್ನೂ ಮುಟ್ಟಲಾರದ ಕಡೀಕ ಇಟ್ಟೀನಿ. ಎಷ್ಟು ದಿನ ಅಂತ ಇಡ್ಲಿ? ಮಾಲಕರು ಕೇಳ್ತಾರ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಂದು ಚೀಟಿ. ಆ ಚೀಟಿಗೆ ಸಹಿ ಹಾಕಲು ಒಂದು ಪೆನ್ನು ಎತ್ತಬೇಕಿತ್ತು. ಪುಟಕ್ಕೆ ಒಂದು ಸಾಲು, ಖಣಿಗೆ ಒಂದು ಚೀಟಿ. ಎರಡೂ ಒಂದೇ ಮೇಜಿನ ಮೇಲಿಂದ ಹೊರಡಬೇಕಿತ್ತು, ಎರಡೂ ಹೊರಡಲಿಲ್ಲ. ನನ್ನ ಸಿಟ್ಟು ಬ್ರೌಸರ್ ಬದಲಾಯಿಸಿದವರ ಮೇಲೆ ಇದೆ, ಪುಟ ಮಾಡಿದವನ ಮೇಲೂ ಇದೆ, ಆದರೆ ಅವರು ಗುರುಬಾಯಿಯನ್ನು ಕಂಡವರಲ್ಲ. ಆ ಮೇಜಿನ ಹಿಂದೆ ಕೂತವರು ಕಂಡಿದ್ದರು. ಆ ಹೆಣ್ಣುಮಗಳು ವಾರಕ್ಕೊಮ್ಮೆ ಬಂದು ಅವರ ಬಾಗಿಲ ಮುಂದೆ ನಿಂತು ಹೋಗುತ್ತಿದ್ದರು.

ಬೇಸಿಗೆ ಬರುವ ಮುಂಚೆ ಖಣಿಯವರು ಆ ಮೂಲೆಯನ್ನೂ ಕಡಿದರು. ಯಂತ್ರವು ಮೇಲಿನ ಮಣ್ಣನ್ನೆಲ್ಲ ಬಾಚಿ ಲಾರಿಗೆ ತುಂಬಿತು. ಬೇವಿನ ಮರ ಹೋಯಿತು, ಸಮಾಧಿಯ ಕಟ್ಟೆ ಹೋಯಿತು. ಮಣ್ಣು ಎಲ್ಲಿಗೆ ಹೋಯಿತೆಂದು ಡ್ರೈವರನಿಗೂ ನೆನಪಿರಲಿಲ್ಲ, ಅವನು ಎಲ್ಲೆಲ್ಲೋ ಗುಂಡಿ ತುಂಬಿಸಿದ್ದ. ಗುರುಬಾಯಿ ಖಣಿಯ ಮಣ್ಣಿನ ಗುಡ್ಡೆಗಳನ್ನು ಕೈಯಿಂದಲೇ ಕೆದರುತ್ತಿದ್ದರಂತೆ. ಸುದ್ದಿ ತಂದ ಖಾಜಾ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಸಣ್ಣ ಮಗುವಿನ ಹಾಗೆ ಅತ್ತ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ನಾನು ನಿವೃತ್ತನಾದೆ. ದೊಡ್ಡ ಸಾಹೇಬರಿಗೆ ವರ್ಗವಾಯಿತು. ಬಂದ ಹೊಸ ಸಾಹೇಬರು ಕಡತ ತೆಗೆದು ನೋಡಿ, ಖಾಜಾನ ನೋಟಿಸು ವಾಪಸು ತೆಗೆದುಕೊಂಡರು, ಪುಟ ಮಾಡಿದವನಿಗೆ ಪತ್ರ ಬರೆದರು. ಅವನು ಹೇಳಿದಂತೆ ಸಂಜೆಯೊಳಗೆ ಆ ಸಾಲು ಬದಲಾಯಿತು. ಈಗ ಬಾಣ ಸರಿಯಾಗಿದೆ, ನೀವು ಧಾರಾಳವಾಗಿ ಬಳಸಬಹುದು. ಆದರೂ ಇನ್ನೊಂದು ತುದಿಯ ಕಲ್ಲು ಸಿಗುವವರೆಗೆ ಬುತ್ತಿ ಬಿಚ್ಚಬೇಡಿ. ಮೇಲಿನವರು ಒಪ್ಪದ ಕಲ್ಲನ್ನು ನೆಡಲೂ ಬೇಡಿ, ಕೀಳಲೂ ಬೇಡಿ ಎಂದು ಬುದ್ಧಿ ಹೇಳುವವರು ಸಿಗುತ್ತಾರೆ. ನಾನು ಆ ಬುದ್ಧಿ ಹೇಳುವುದಿಲ್ಲ. ತಪ್ಪು ಕಲ್ಲು ಕಂಡರೆ ಕಿತ್ತು ಹಾಕಿ, ನೋಟಿಸು ಬಂದರೆ ಬರಲಿ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಗುರುಬಾಯಿಯ ಹೊಲದ ಮರು ಅಳತೆ ಆಯಿತು. ಆ ಹಬ್ಬಕ್ಕೆ ನಮ್ಮ ಕಡೆ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಹೊಲದಲ್ಲಿ ಮಲಗಿರುವ ಹಿರಿಯರಿಗೆ ಮೊದಲು ಎಡೆ ಇಟ್ಟು ಆಮೇಲೆ ಉಣ್ಣುತ್ತಾರೆ. ಖಾಜಾ ಕರೆದನೆಂದು ನಾನೂ ಹೋಗಿದ್ದೆ. ಗಡಿ ನಾವು ಹಿಂದೆ ಅಳೆದಲ್ಲೇ ಬಂತು. ಆದರೆ ಅಲ್ಲಿ ಕಲ್ಲು ನೆಡಲು ನೆಲವೇ ಇರಲಿಲ್ಲ, ಖಣಿಯ ಹೊಂಡ, ತಳದಲ್ಲಿ ಹಸಿರು ನೀರು. ಹೊಸ ಸಾಹೇಬರು ಒಳ್ಳೆಯ ಮನುಷ್ಯ. ನಕ್ಷೆಯ ಪ್ರತಿಗೆ ಸಹಿ ಹಾಕಿ, ಎರಡೂ ಕೈಯಿಂದ ಗುರುಬಾಯಿಗೆ ಕೊಟ್ಟರು.

"ಯವ್ವಾ, ನೀವು ಹೇಳಿದ್ದೇ ಖರೆ ಆತು. ಆ ಜಾಗ ಪೂರಾ ನಿಮ್ದೇ ಅಂತ ಬಂದದ."

ಗುರುಬಾಯಿ ಕಾಗದವನ್ನು ಬಿಡಿಸಿ, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಸಾಹೇಬರ ಮುಂದೆ ಹಿಡಿದರು.

"ನಾಳಿ ಎಳ್ಳಮಾಸಿ ಅದರಿ ಸಾಹೇಬ್ರ. ಅವರಿಗೆ ಎಡಿ ಎಲ್ಲಿ ಇಡ್ಲಿ? ಇದರ ಮ್ಯಾಗ ಬೆರಳಿಟ್ಟು ತೋರಸ್ರಿ."